ಚದುರಂಗಕ್ಕೆ ದುಡ್ಡು ಸಾಲದೆ ಇಲ್ಲ, ಎದುರಿಗೆ ಕೂರುವವರು ಸಾಲದು

ದೇಶಕ್ಕೆ ಚೆಸ್ ಹುಚ್ಚು ಹಿಡಿದಿದೆ. ಹಿಡಿಯದೆ ಇರುತ್ತದೆಯೇ? 2024ರ ಸೆಪ್ಟೆಂಬರ್‌ನಲ್ಲಿ ಹಂಗೆರಿಯ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ನಮ್ಮ ಓಪನ್ ತಂಡ, ಮಹಿಳಾ ತಂಡ ಎರಡೂ ಚಿನ್ನ ಹೊಡೆದವು. ಅದೇ ವರ್ಷ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೆನ್ನೈನ ಹದಿನೆಂಟರ ಹುಡುಗ ಗುಕೇಶ್, ಚೀನಾದ ಡಿಂಗ್ ಲಿರೆನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. 2025ರ ಜುಲೈನಲ್ಲಿ ನಾಗಪುರದ ಹುಡುಗಿ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಎತ್ತಿದಳು.

ಸುದ್ದಿ ಬಂದ ಮೇಲೆ ಪ್ರಶ್ನೆಯೂ ಬಂತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಗುಮಾಸ್ತರಿರಲಿ, ಮೊಳಕಾಲ್ಮುರಿನ ರೇಷ್ಮೆ ನೇಕಾರರಿರಲಿ, ತಳಕಿನ ಹೋಟೆಲಿನವರಿರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ನಮ್ಮ ಹುಡುಗ ಚುರುಕಾಗವ್ನೆ ಸ್ವಾಮಿ. ಚೆಸ್ ಕಲಿಸ್ಬೇಕು ಅಂತೀವಿ. ಎಷ್ಟು ಖರ್ಚಾಗ್ತದೆ?"

ಈ ಪ್ರಶ್ನೆಗೆ ಉತ್ತರ ಹೇಳಲು ಫೋನಿನೊಳಗೆ ಬೇಕಾದಷ್ಟು ಜನ ಕಾದು ಕೂತಿದ್ದಾರೆ. ಆನ್‌ಲೈನ್ ಕ್ಲಾಸು, ತಿಂಗಳಿಗೆ ಸಾವಿರ, ಎರಡು ಸಾವಿರ. ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ. ಕೊನೆಗೆ ಒಂದು ಬಣ್ಣದ ಸರ್ಟಿಫಿಕೇಟು. ಎಲ್ಲರೂ ಮೋಸಗಾರರು ಅಂತ ನಾವು ಹೇಳುವುದಿಲ್ಲ. ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ. ಆದರೆ ಆನೆ ಯಾವ ಕಡೆ ನಡೆಯುತ್ತದೆ, ಒಂಟೆ ಯಾವ ಕಡೆ ನಡೆಯುತ್ತದೆ ಎಂಬುದನ್ನು ಕಲಿಯಲು ಮಗ್ಗದ ಕೂಲಿಯಲ್ಲಿ ತಿಂಗಳಿಗೆ ಎರಡು ಸಾವಿರ ಕಟ್ಟುವುದು ಬೇಕೇ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕಥೆ ಇದು. ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯವಾಗಿದೆ.

ಎರಡು ಬೇರೆ ಬೇರೆ ಬಿಲ್ಲು

ಮೊದಲು ಒಂದು ಗೊಂದಲ ಬಿಡಿಸೋಣ. ಚೆಸ್ ಎಂದರೆ ಲಕ್ಷಗಟ್ಟಲೆ ಖರ್ಚು ಎಂಬ ಮಾತು ಸುಳ್ಳಲ್ಲ. ಗುಕೇಶನ ತಂದೆ ಕಿವಿ-ಮೂಗು-ಗಂಟಲಿನ ಡಾಕ್ಟರು. ಮಗನನ್ನು ದೇಶ ದೇಶದ ಪಂದ್ಯಗಳಿಗೆ ಕರೆದುಕೊಂಡು ಹೋಗಲಿಕ್ಕೆಂದೇ ತಮ್ಮ ಪ್ರಾಕ್ಟೀಸು ನಿಲ್ಲಿಸಿದರು. ತಾಯಿಯ ಸಂಬಳದಲ್ಲಿ ಮನೆ ನಡೆಯಿತು. ವಿಮಾನ, ಹೋಟೆಲು, ತರಬೇತುದಾರರು, ಎಲ್ಲ ಸೇರಿದರೆ ಡಾಕ್ಟರ ಮನೆಯೂ ಅಲ್ಲಾಡುತ್ತದೆ.

ಆದರೆ ಅದು ಗ್ರ್ಯಾಂಡ್‌ಮಾಸ್ಟರ್ ಆಗುವವರ ಬಿಲ್ಲು. ಆಟ ಕಲಿತು, ಊರಿನಲ್ಲಿ ನಾಲ್ಕು ಜನರೆದುರು ಮರ್ಯಾದೆಯಿಂದ ಆಡಿ, ತಾಲ್ಲೂಕು ಪಂದ್ಯಕ್ಕೆ ಹೋಗಿ ಬರುವವರ ಬಿಲ್ಲು ಬೇರೆ. ಮೊದಲನೆಯದರ ಲೆಕ್ಕ ತೋರಿಸಿ ಎರಡನೆಯದಕ್ಕೆ ದುಡ್ಡು ವಸೂಲು ಮಾಡುವ ವ್ಯಾಪಾರವೇ ಈಗ ಜೋರಾಗಿರುವುದು. ಕಿರಾಣಿ ಅಂಗಡಿ ಇಡುವವನಿಗೆ ಎಣ್ಣೆ ಮಿಲ್ಲಿನ ಎಸ್ಟಿಮೇಟು ತೋರಿಸಿ ಹೆದರಿಸಿದ ಹಾಗೆ.

ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ಅವರಿಗೆ ಆ ಪದವಿ ಬಂದದ್ದು 2017ರಲ್ಲಿ. ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್ ಆದದ್ದು 1988ರಲ್ಲಿ. ಅಂದರೆ ಪಕ್ಕದ ತಮಿಳುನಾಡಿಗಿಂತ ನಮ್ಮ ರಾಜ್ಯ ಇಪ್ಪತ್ತೊಂಬತ್ತು ವರ್ಷ ಹಿಂದೆ. ಬುದ್ಧಿ ಕಡಿಮೆಯೇ? ಖಂಡಿತ ಅಲ್ಲ. ಆನಂದ್ ಬೆಳೆದ ಬಗೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಆಟ ಕಲಿಸಿದವರು ತಾಯಿ. ಚೆನ್ನೈನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ಚೆಸ್ ಕ್ಲಬ್ಬಿತ್ತು, ಅಲ್ಲಿ ಹೋಗಿ ದೊಡ್ಡವರ ಜೊತೆ ಆಡುತ್ತಿದ್ದರು. ತಂದೆಯ ಕೆಲಸದ ಮೇಲೆ ಕುಟುಂಬ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿದ್ದಾಗ ಅಲ್ಲಿನ ಟೀವಿಯಲ್ಲಿ ದಿನಾ ಒಂದು ಚೆಸ್ ಒಗಟು ಕೊಡುತ್ತಿದ್ದರು. ಹುಡುಗ ಶಾಲೆಗೆ ಹೋದಾಗ ತಾಯಿ ಅದನ್ನು ಬರೆದಿಟ್ಟುಕೊಳ್ಳುವರು, ಸಂಜೆ ಇಬ್ಬರೂ ಕೂತು ಬಿಡಿಸುವರು. ಬಹುಮಾನದ ಪುಸ್ತಕಗಳು ಎಷ್ಟು ಬಂದವೆಂದರೆ, ಬೇಕಾದ ಪುಸ್ತಕ ತಗೊಂಡು ಹೋಗಪ್ಪ, ಇನ್ನು ಉತ್ತರ ಕಳಿಸಬೇಡ ಅಂದರಂತೆ.

ಇದರಲ್ಲಿ ದುಡ್ಡಿನ ಬಾಬತ್ತು ಎಷ್ಟು? ಕಲಿಸುವ ಒಬ್ಬರು, ದಿನಕ್ಕೊಂದು ಒಗಟು, ಆಡಲು ಒಂದು ಜಾಗ. ಮೂರೇ ಸಾಮಾನು. ಮೊದಲ ಎರಡು ಈಗ ಚಳ್ಳಕೆರೆ, ಮೊಳಕಾಲ್ಮುರಿನಲ್ಲೂ ಪುಕ್ಕಟೆ ಸಿಗುತ್ತವೆ. ಮೂರನೆಯದೇ ನಮ್ಮ ಕೊರತೆ. ಅದಕ್ಕೆ ಆಮೇಲೆ ಬರೋಣ.

ಮಣೆಗೆ ಎಷ್ಟು?

ಪ್ಲಾಸ್ಟಿಕ್ ಕಾಯಿ, ಸುತ್ತಿಡುವ ಹಾಸು ಇರುವ ಒಂದು ಸಾಧಾರಣ ಸೆಟ್ಟು ಸುಮಾರು ಮುನ್ನೂರರಿಂದ ಐನೂರು ರೂಪಾಯಿ. ಅಯಸ್ಕಾಂತದ ಪುಟ್ಟ ಮಣೆ ಇನ್ನೂ ಅಗ್ಗ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಆಡಬಹುದು, ಗುಂಡಿಗೆ ಬಸ್ಸು ಕುಣಿದರೂ ರಾಜ ಮಂತ್ರಿ ಬೀಳುವುದಿಲ್ಲ. ಗಾಜಿನ ಮಣೆ, ಕೆತ್ತನೆಯ ಮರದ ಕಾಯಿ ಇವೆಲ್ಲ ಷೋಕೇಸಿಗೆ. ಕಲಿಯುವವರಿಗೆ ಅದರಿಂದ ಕಣ್ಣು ಕುಕ್ಕುವುದೇ ಹೊರತು ಲಾಭವಿಲ್ಲ.

ಅದಕ್ಕೂ ಕಾಸಿಲ್ಲವೇ? ಹಳೇ ಕ್ಯಾಲೆಂಡರಿನ ಹಿಂದೆ ಎರಡೆರಡು ಇಂಚಿನ ಮನೆ ಎಳೆದರೆ ಹದಿನಾರು ಇಂಚಿನ ಮಣೆ ಸಿದ್ಧ. ಒಂದು ಮನೆ ಬಿಟ್ಟು ಒಂದಕ್ಕೆ ಮಸಿ ಬಳಿಯಿರಿ. ಆಡುವವರ ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರಬೇಕು, ಅಷ್ಟು ನೆನಪಿರಲಿ. ಸೀಮೆಯಲ್ಲಿ ಎಷ್ಟೋ ಕಡೆ ಮಣೆಯನ್ನು ಅಡ್ಡ ತಿರುಗಿಸಿಟ್ಟೇ ಆಡುವುದುಂಟು! ಬಾಟಲಿ ಮುಚ್ಚಳದ ಮೇಲೆ ಅಕ್ಷರ ಬರೆದರೆ ಕಾಯಿ ಆಯಿತು. ಮೊಳಕಾಲ್ಮುರಿನ ನೇಕಾರರಿಗಂತೂ ಇದು ಹೇಳಿಕೊಡುವ ಮಾತಲ್ಲ. ಸೀರೆಯ ಡಿಸೈನನ್ನು ಗ್ರಾಫ್ ಕಾಗದದ ಮೇಲೆ ಮನೆ ಮನೆ ಎಣಿಸಿ ಇಳಿಸಿದ ಕೈಗೆ ಅರವತ್ತನಾಲ್ಕು ಮನೆ ಯಾವ ಲೆಕ್ಕ?

ಕಟ್ಟೆಯ ನಿಯಮ, ಪಂದ್ಯದ ನಿಯಮ

ಇಲ್ಲಿ ಒಂದು ತಕರಾರಿದೆ, ಅದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಹಳೆಯ ತಲೆಮಾರಿನವರು ಆಡುತ್ತಿದ್ದದ್ದು ದೇಶಿ ಆಟ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಕೋಟೆ ಕಟ್ಟುವುದಿಲ್ಲ, ಶಹ ಬೀಳದ ರಾಜ ಒಂದು ಸಲ ಮಾತ್ರ ಕುದುರೆಯ ಹಾಗೆ ನೆಗೆಯಬಹುದು. ಕಾಲಾಳು ಕೊನೆ ಮುಟ್ಟಿದರೆ ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿ ಆಗುತ್ತದೆ. ಊರಿಂದೂರಿಗೆ ಇದರಲ್ಲೂ ಹೆಚ್ಚು ಕಡಿಮೆ.

ಈಗಿನ ಪಂದ್ಯದ ನಿಯಮದಲ್ಲಿ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದು. ರಾಜ ಎರಡು ಮನೆ ಪಕ್ಕಕ್ಕೆ ಸರಿದು, ಆನೆ ಅವನನ್ನು ದಾಟಿ ಕಾವಲು ನಿಂತರೆ ಕೋಟೆ ಕಟ್ಟಿದಂತೆ. ದುರ್ಗದ ಜಿಲ್ಲೆಯವರಿಗೆ ಕೋಟೆ ಕಟ್ಟುವುದನ್ನು ಬೇರೆಯವರು ಹೇಳಿಕೊಡಬೇಕೇ! ಕೊನೆ ಸಾಲು ಮುಟ್ಟಿದ ಕಾಲಾಳು ರಾಜನೊಬ್ಬನನ್ನು ಬಿಟ್ಟು ಏನು ಬೇಕಾದರೂ ಆಗಬಹುದು. ಸಾಮಾನ್ಯವಾಗಿ ಎಲ್ಲರೂ ಮಂತ್ರಿಯನ್ನೇ ಮಾಡುತ್ತಾರೆ. ಶಾಲೆ ಮಕ್ಕಳು ಈ ಮಂತ್ರಿಗೆ ಕ್ವೀನ್ ಅನ್ನುತ್ತಾರೆ.

ತಾತ ಒಂದು ನಿಯಮ, ಮೊಮ್ಮಗ ಒಂದು ನಿಯಮ. ಹತ್ತನೇ ನಡೆಗೆ ಜಗಳ, ಹನ್ನೊಂದನೇ ನಡೆಗೆ ಮಣೆ ಮಗುಚುತ್ತದೆ. ಕೂರುವ ಮುಂಚೆ ಒಂದು ಮಾತು ಮಾಡಿಕೊಂಡರೆ ಆಯಿತು. ಶಾಲೆಯ ಪಂದ್ಯಕ್ಕೆ ಹೋಗುವ ಮಕ್ಕಳು ಪಂದ್ಯದ ನಿಯಮವನ್ನೇ ರೂಢಿ ಮಾಡಿಕೊಳ್ಳಲಿ. ಹಾಗಂತ ಕಟ್ಟೆಯ ಹಿರಿಯರನ್ನು ತಳ್ಳಿಹಾಕಬೇಡಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಈ ದೇಶಿ ಆಟದಲ್ಲೇ ಪಳಗಿದವರು. ಆಮೇಲೆ ವಿಲಾಯಿತಿ ನಿಯಮ ಕಲಿತು 1929, 1932, 1933ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 2024ರಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು.

ನಮ್ಮ ನಾಡಿನ ಉದಾಹರಣೆ ಬೇಕೇ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯ ಲೆಕ್ಕದಲ್ಲಿ ಮುಳುಗಿ ಎದ್ದವರು. ಒಂದೇ ಕುದುರೆ ಮಣೆಯ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು, ಒಂದೂ ಬಿಡಬಾರದು, ಒಂದಕ್ಕೂ ಎರಡು ಸಲ ಹೋಗಬಾರದು. ಇವತ್ತು ರಾತ್ರಿ ಮನೆಯಲ್ಲಿ ಮಾಡಿ ನೋಡಿ. ಕುದುರೆ ಮುಟ್ಟಿದ ಮನೆಗೊಂದು ಶೇಂಗಾ ಬೀಜ ಇಡುತ್ತ ಹೋಗಿ. ಐವತ್ತು ಬೀಜ ದಾಟಿದರೆ ಶಹಬ್ಬಾಸ್. ಕುದುರೆಯ ನಡೆ ಮೈಗೂಡಲು ಇದಕ್ಕಿಂತ ಅಗ್ಗದ ಸಾಧನೆ ಇಲ್ಲ. ಸೋತರೆ ಬೀಜ ತಿನ್ನಬಹುದು.

ಫೋನು ಮೇಷ್ಟ್ರಾದರೆ

ಕಲಿಸುವವರಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಲಿಚೆಸ್ ಎಂಬ ಒಂದು ತಾಣವಿದೆ. ಫ್ರಾನ್ಸಿನ ತಿಬೋ ದುಪ್ಲೆಸಿ ಎಂಬುವರು 2010ರಲ್ಲಿ ಶುರು ಮಾಡಿದ್ದು. ಲಾಭಕ್ಕಲ್ಲದೆ, ದಾನಿಗಳ ಕಾಣಿಕೆಯಲ್ಲಿ ನಡೆಯುತ್ತದೆ. ಜಾಹೀರಾತಿಲ್ಲ, ಚಂದಾ ಇಲ್ಲ. ಕಾಯಿಗಳ ನಡೆಯಿಂದ ಹಿಡಿದು ಪಾಠಗಳಿವೆ, ಒಗಟುಗಳಿಗೆ ಲೆಕ್ಕವೇ ಇಲ್ಲ, ಜಗತ್ತಿನ ಯಾವ ಮೂಲೆಯವರ ಜೊತೆಗಾದರೂ ಆಡಬಹುದು. ಆಡಿದ ಆಟದಲ್ಲಿ ತಪ್ಪು ಎಲ್ಲಾಯಿತು ಎಂದು ಕಂಪ್ಯೂಟರೇ ತೋರಿಸುತ್ತದೆ. ಅದಕ್ಕೆ ಬಳಸುವ ಸ್ಟಾಕ್‌ಫಿಶ್ ಎಂಬ ಯಂತ್ರವೂ ಪುಕ್ಕಟೆ. ಆ ಯಂತ್ರದ ಮುಂದೆ ವಿಶ್ವ ಚಾಂಪಿಯನ್ನೂ ನಿಲ್ಲಲಾರ! ನೆಟ್‌ವರ್ಕ್ ಸಿಗದ ಕಡೆಯೂ ಫೋನಿನಲ್ಲಿ ಕಂಪ್ಯೂಟರ್ ಜೊತೆ ಆಡಬಹುದು. ಚೆಸ್ ಡಾಟ್ ಕಾಮ್ ಎಂಬ ಇನ್ನೊಂದು ದೊಡ್ಡ ತಾಣವೂ ಇದೆ. ಅಲ್ಲೂ ಆಡುವುದಕ್ಕೆ ಕಾಸಿಲ್ಲ, ಆದರೆ ಕೆಲವು ಸೌಲಭ್ಯಕ್ಕೆ ಚಂದಾ ಕೇಳುತ್ತಾರೆ. ಹೊಸಬರು ಅದಕ್ಕೆ ಕೈ ಹಾಕುವ ಅಗತ್ಯವಿಲ್ಲ.

ಪುಸ್ತಕದ ಮಾತು. ಕ್ಯೂಬಾ ದೇಶದ ವಿಶ್ವ ಚಾಂಪಿಯನ್ ಕಪಾಬ್ಲಾಂಕ 1921ರಲ್ಲಿ ಬರೆದ 'ಚೆಸ್ ಫಂಡಮೆಂಟಲ್ಸ್' ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅದರಲ್ಲಿ ನಡೆ ಬರೆಯುವ ಪದ್ಧತಿ ಹಳೆಯದು. ಈಗ ಮಣೆಯ ಉದ್ದ ಸಾಲಿಗೆ ಎ ಇಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲಿಗೆ 1ರಿಂದ 8ರವರೆಗೆ ಅಂಕಿ. ಇ4 ಎಂದರೆ ಯಾವ ಮನೆ ಅಂತ ಯಾರಿಗೂ ಗೊತ್ತಾಗುತ್ತದೆ. ಹಳೇ ಪುಸ್ತಕದಲ್ಲಿ ರಾಜನ ಮುಂದಿನ ನಾಲ್ಕನೇ ಮನೆ ಎಂಬ ಲೆಕ್ಕ. ಮೊದಲೇ ತಿಳಿದಿದ್ದರೆ ತಲೆ ಕೆಡುವುದಿಲ್ಲ. ಇಂಗ್ಲಿಷ್ ಬಾರದವರು ಒಗಟಿನ ಪುಸ್ತಕ ಹುಡುಕಿಕೊಳ್ಳಲಿ. ಅದರಲ್ಲಿ ಚಿತ್ರವೇ ಭಾಷೆ. ಹಂಗೆರಿಯ ಲಾಸ್ಲೊ ಪೋಲ್ಗಾರ್ ಎಂಬುವರು 5334 ಒಗಟುಗಳ ಒಂದು ದಪ್ಪ ಪುಸ್ತಕ ಮಾಡಿದ್ದಾರೆ. ಒಂದು ಪ್ರತಿ ಶಾಲೆಯಲ್ಲಿದ್ದರೆ ಮೂರು ಬ್ಯಾಚಿನ ಮಕ್ಕಳಿಗೆ ಸಾಕು. ಬೆಂಗಳೂರಿಗೆ ಸರಕಿಗೆ ಹೋಗುವ ಅಂಗಡಿಯವರು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲಿನಲ್ಲಿ ಒಂದು ಕಣ್ಣು ಹಾಯಿಸಿದರೆ ಅರ್ಧ ಬೆಲೆಗೆ ಏನಾದರೂ ಸಿಕ್ಕೀತು.

ಫೋನಿನ ಅಪಾಯವನ್ನೂ ಹೇಳಬೇಕು. ಒಂದು ನಿಮಿಷ, ಮೂರು ನಿಮಿಷದ ಆಟಗಳಿಗೆ ಹುಡುಗರು ಅಂಟಿಕೊಳ್ಳುತ್ತಾರೆ. ಅದರಲ್ಲಿ ಬೆರಳು ಕಲಿಯುತ್ತದೆ, ತಲೆ ಕಲಿಯುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ಕಡಿಮೆ ಇಲ್ಲದ ಆಟ, ದಿನಕ್ಕೆ ಒಂದೋ ಎರಡೋ, ಅಷ್ಟೇ ಸಾಕು.

ಸೋಲಿನ ಉದ್ರಿ ಪುಸ್ತಕ

ಕಲಿಯುವ ಕ್ರಮ ಏನು? ಇದಕ್ಕೆ ದೊಡ್ಡ ಶಾಸ್ತ್ರ ಬೇಡ.

ಮೊದಲ ವಾರ ನಡೆ ಮತ್ತು ಬೆಲೆ. ವ್ಯಾಪಾರಸ್ಥರಿಗೆ ಇದು ಬೇಗ ಹಿಡಿಸುತ್ತದೆ. ಕಾಲಾಳಿಗೆ ಒಂದು ರೂಪಾಯಿ, ಕುದುರೆಗೆ ಮೂರು, ಒಂಟೆಗೆ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು. ರಾಜನಿಗೆ ಬೆಲೆ ಕಟ್ಟುವ ಹಾಗಿಲ್ಲ, ಅವನು ಹೋದರೆ ಅಂಗಡಿಯೇ ಬಂದ್. ಐದರ ಆನೆ ಕೊಟ್ಟು ಮೂರರ ಕುದುರೆ ತಗೊಂಡರೆ ಎರಡು ಲುಕ್ಸಾನು. ಹೊಸಬರ ಹತ್ತು ಆಟದಲ್ಲಿ ಒಂಬತ್ತು ಸೋಲುವುದು ಈ ಲೆಕ್ಕ ತಪ್ಪಿಯೇ.

ಎರಡನೇ ವಾರ ಮುಗಿಸುವುದನ್ನು ಕಲಿಯಿರಿ. ಎದುರಾಳಿಗೆ ಒಂಟಿ ರಾಜ, ನಿಮ್ಮ ಬಳಿ ಎರಡು ಆನೆ. ಒಂದು ಆನೆ ಒಂದು ಸಾಲು ಕಾಯಲಿ, ಇನ್ನೊಂದು ಮುಂದಿನ ಸಾಲಿನಿಂದ ಶಹ ಕೊಡಲಿ. ಆಮೇಲೆ ಅದು ಕಾಯಲಿ, ಇದು ಮುಂದೆ ಹೋಗಲಿ. ಕುರಿಯನ್ನು ಎರಡು ಕಡೆ ತಡೆದು ರೊಪ್ಪಕ್ಕೆ ದೂಡುವ ಹಾಗೆ ರಾಜ ಅಂಚಿಗೆ ಹೋಗಿ ಬೀಳುತ್ತಾನೆ. ಇದು ಬಂದ ಮೇಲೆ ಒಂದೇ ಮಂತ್ರಿ, ಆಮೇಲೆ ಒಂದೇ ಆನೆ. ಎಷ್ಟೋ ಜನ ಗೆದ್ದ ಆಟ ಮುಗಿಸಲು ಬಾರದೆ ಸಮ ಮಾಡಿಕೊಳ್ಳುತ್ತಾರೆ. ಬೆಳೆ ಬಂದರೂ ಒಕ್ಕಲು ಗೊತ್ತಿಲ್ಲದ ಹಾಗೆ.

ಮೂರನೇ ವಾರ ಶುರು ಮಾಡುವ ಬಗೆ. ಪುಸ್ತಕದ ಓಪನಿಂಗ್‌ಗಳನ್ನು ಬಾಯಿಪಾಠ ಮಾಡಬೇಡಿ. ನಡುವಿನ ನಾಲ್ಕು ಮನೆ ಹಿಡಿಯುವುದು, ಕುದುರೆ ಒಂಟೆಗಳನ್ನು ಬೇಗ ಹೊರಗೆ ತರುವುದು, ಬೇಗ ಕೋಟೆ ಕಟ್ಟುವುದು, ಮಂತ್ರಿಯನ್ನು ಮೊದಲೇ ತಿರುಗಾಟಕ್ಕೆ ಬಿಡದಿರುವುದು. ಇಷ್ಟು ಸಾಕು. ಪೇಟೆ ಹುಡುಗರು ಮಂತ್ರಿ ಮತ್ತು ಒಂಟೆ ಹಿಡಿದುಕೊಂಡು ನಾಲ್ಕೇ ನಡೆಯಲ್ಲಿ ಹೊಸಬರನ್ನು ಮುಗಿಸಿ ನಗುವುದುಂಟು. ರಾಜನ ಪಕ್ಕದ ಒಂಟೆಯ ಮುಂದಿರುವ ಕಾಲಾಳಿನ ಮೇಲೆ ಒಂದು ಕಣ್ಣಿಟ್ಟರೆ ಆ ಮೋಸ ನಡೆಯುವುದಿಲ್ಲ.

ನಾಲ್ಕನೇ ವಾರದಿಂದ ಒಗಟು. ದಿನಕ್ಕೆ ಹತ್ತು. ಚಳ್ಳಕೆರೆಯಿಂದ ದುರ್ಗಕ್ಕೆ ದಿನಾ ಓಡಾಡುವ ನೌಕರರಿಗೆ, ಕಾಲೇಜು ಹುಡುಗರಿಗೆ ಬಸ್ಸಿನ ಹೊತ್ತು ಇದಕ್ಕೆಂದೇ ಮಾಡಿದ್ದು. ಹೋಗುವಾಗ ಐದು, ಬರುವಾಗ ಐದು. ಊಹೆ ಮೇಲೆ ಬೆರಳು ಒತ್ತಬೇಡಿ. ಕೊನೆಯವರೆಗೆ ಮನಸ್ಸಿನಲ್ಲೇ ಬಿಡಿಸಿ ಆಮೇಲೆ ಒತ್ತಿ.

ಎಲ್ಲಕ್ಕಿಂತ ಮುಖ್ಯವಾದದ್ದು ಉದ್ರಿ ಪುಸ್ತಕ. ಅಂಗಡಿಯಲ್ಲಿ ಬಾಕಿದಾರರ ಹೆಸರು ಬರೆದಿಡುತ್ತೀರಲ್ಲ, ಹಾಗೇ ಸೋತ ಆಟಕ್ಕೊಂದು ಪುಸ್ತಕ. ತಾರೀಕು, ಯಾವ ನಡೆಯಲ್ಲಿ ಹೋಯಿತು, ಏನು ಕಾಣಲಿಲ್ಲ, ಒಂದೇ ಸಾಲು. "ಕುದುರೆ ಎರಡು ಕಡೆ ಹೊಡೆಯೋದು ನೋಡಲಿಲ್ಲ." "ರಾಜನ ಹಿಂದಿನ ಸಾಲು ಖಾಲಿ ಬಿಟ್ಟೆ." ತಿಂಗಳಾದ ಮೇಲೆ ತಿರುವಿ ಹಾಕಿದರೆ ಒಂದೇ ಬಾಕಿ ಹತ್ತು ಸಲ ಬರೆದದ್ದು ಕಾಣುತ್ತದೆ. ಅದೊಂದನ್ನು ತೀರಿಸಿ, ಆಟ ತಾನಾಗಿ ಮೇಲೇಳುತ್ತದೆ. ತಿಂಗಳಿಗೆ ಎರಡು ಸಾವಿರ ತಗೊಳ್ಳುವ ಮೇಷ್ಟ್ರೂ ಕೊನೆಗೆ ಮಾಡುವುದು ಇದೇ ಕೆಲಸ. ಮಾಡಿದಷ್ಟು ನೀಡು ಭಿಕ್ಷೆ ಅಂತ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ನಮ್ಮ ಸೀಮೆಯಲ್ಲಿ ಮನೆಮನೆಗೆ ಗೊತ್ತು. ಈ ಆಟಕ್ಕೂ ಅದೇ ಕಾಯಿದೆ.

ಹಲ್ಲಿದೆ, ಕಡಲೆ ಇದೆ, ಮತ್ತೇನು ತೊಂದರೆ?

ಹಾಗಾದರೆ ಎರಡು ತಾಲ್ಲೂಕಿನಲ್ಲಿ ಮನೆಗೊಬ್ಬ ಚದುರಂಗದ ಆಟಗಾರ ಇರಬೇಕಿತ್ತಲ್ಲ, ಯಾಕಿಲ್ಲ? ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಹಲ್ಲೂ ಇದೆ, ಕಡಲೆಯೂ ಇದೆ, ಕೂತು ತಿನ್ನಲು ಜಗಲಿ ಇಲ್ಲ. ಮೊದಲೇ ಹೇಳಿದ ಮೂರನೇ ಸಾಮಾನು ಇದೇ.

ಫೋನಿನಲ್ಲಿ ಕಲಿತ ಹುಡುಗ ಮೂರು ತಿಂಗಳಿಗೆ ಬಿಟ್ಟುಬಿಡುತ್ತಾನೆ. ಯಾಕೆಂದರೆ ಎದುರಿಗೆ ಮನುಷ್ಯ ಇಲ್ಲ. ಗೆದ್ದರೆ ಶಹಬ್ಬಾಸ್ ಅನ್ನುವವರಿಲ್ಲ, ಸೋತರೆ "ಇಲ್ಲಿ ತಪ್ಪಿದೆ ಕಣೋ ತಮ್ಮ" ಅನ್ನುವ ಅಣ್ಣ ಇಲ್ಲ. ಹಿಂದೆ ಗುಡಿಯ ಹಾಸುಗಲ್ಲಿನ ಮೇಲೆ ಹುಲಿ-ಕುರಿಯ ಗೆರೆ ಕೊರೆದಿರುತ್ತಿತ್ತು, ಕಟ್ಟೆಯ ಮೇಲೆ ಚೌಕಾಬಾರದ ಮನೆ ಇರುತ್ತಿತ್ತು. ದಾರಿಹೋಕನೂ ನಿಂತು ಒಂದು ನಡೆ ಹೇಳಿ ಹೋಗುತ್ತಿದ್ದ. ಆ ಕಟ್ಟೆಗಳ ಮೇಲೆ ಈಗ ಸಂಜೆ ಹೊತ್ತು ಹತ್ತು ಜನ ಕೂತಿದ್ದರೆ ಹತ್ತು ಫೋನು ಬೆಳಗುತ್ತಿರುತ್ತವೆ.

ಆ ಫೋನುಗಳಲ್ಲಿ ಏನು ನಡೆಯುತ್ತಿತ್ತು ಎಂಬುದೂ ಗುಟ್ಟಲ್ಲ. ರಮ್ಮಿ, ಕ್ರಿಕೆಟ್ ತಂಡ ಕಟ್ಟುವುದು, ಬಣ್ಣ ಹೇಳುವುದು. ಎಷ್ಟು ಮನೆಗಳ ಗಲ್ಲಾ ಖಾಲಿಯಾಯಿತು, ಎಷ್ಟು ಮೋಟಾರ್ ಸೈಕಲ್ ಅಡ ಬಿತ್ತು ಎಂಬುದು ಪೇಟೆಯವರಿಗೆ ಗೊತ್ತು. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಒಳ್ಳೆಯದೇ ಆಯಿತು. ಆದರೆ ಕಾಯ್ದೆ ಆಟ ನಿಲ್ಲಿಸಬಹುದು, ಸಂಜೆ ತುಂಬಿಸಲಾರದು. ಖಾಲಿಯಾದ ಆ ಸಂಜೆಗೆ ಏನು ಕೊಡುತ್ತೇವೆ ಎಂಬುದೇ ಈಗಿನ ನಿಜವಾದ ಪ್ರಶ್ನೆ. ಕೊಡದೆ ಹೋದರೆ ಆ ಹುಡುಗರು ಇನ್ನೊಂದು ಕಳ್ಳದಾರಿ ಹುಡುಕಿಯೇ ಹುಡುಕುತ್ತಾರೆ.

ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಮಾರೊಟ್ಟಿಚ್ಚಾಲ್ ಅಂತ ಒಂದು ಹಳ್ಳಿ. ಒಂದು ಕಾಲಕ್ಕೆ ಕುಡಿತ, ಜೂಜಿಗೆ ಹೆಸರಾದ ಊರು. ಉಣ್ಣಿಕೃಷ್ಣನ್ ಎಂಬ ಚಹಾ ಅಂಗಡಿಯವರು ತಾವು ಚೆಸ್ ಕಲಿತು, ಅಂಗಡಿಗೆ ಬಂದವರಿಗೆ ಒಬ್ಬೊಬ್ಬರಿಗಾಗಿ ಕಲಿಸಿದರು. ಮಣೆ ಬಿಟ್ಟು ಬಾಟಲಿಗೆ ಹೋಗಲು ಜನಕ್ಕೆ ಪುರುಸೊತ್ತಿಲ್ಲದಂತಾಯಿತು. ಈಗ ಅದು ಚೆಸ್ ಗ್ರಾಮ ಎಂದೇ ದೇಶಕ್ಕೆಲ್ಲ ಪ್ರಸಿದ್ಧಿ. ಅಲ್ಲಿ ಯಾವ ಅಕಾಡೆಮಿಯೂ ಬರಲಿಲ್ಲ, ಯಾವ ಮಂತ್ರಿಯೂ ಬಂದು ಟೇಪು ಕತ್ತರಿಸಲಿಲ್ಲ. ಬಂದದ್ದು ಒಂದು ಬೆಂಚು, ಒಂದು ಮಣೆ, ಹೇಳಿಕೊಡುವ ತಾಳ್ಮೆ.

ಚಳ್ಳಕೆರೆಯ ಮಂಡಿಯ ಸುತ್ತ, ಬಸ್ ಸ್ಟ್ಯಾಂಡ್ ಎದುರು, ಮೊಳಕಾಲ್ಮುರಿನ ಪೇಟೆಯಲ್ಲಿ, ರಾಂಪುರದಲ್ಲಿ, ಪರಶುರಾಂಪುರದಲ್ಲಿ ಚಹಾ ಅಂಗಡಿಗಳಿಗೆ ಬರವೇ? ಒಂದು ಅಂಗಡಿಯವರು ಮುನ್ನೂರು ರೂಪಾಯಿಯ ಒಂದು ಮಣೆ ಇಟ್ಟು ನೋಡಲಿ. ಮಣೆ ಮುಂದೆ ಇಬ್ಬರು ಕೂತರೆ ನಾಲ್ವರು ನಿಲ್ಲುತ್ತಾರೆ, ಆರು ಚಹಾ ಖರ್ಚಾಗುತ್ತವೆ. ವ್ಯಾಪಾರಕ್ಕೂ ಮೋಸವಿಲ್ಲ. ಒಂದೇ ಷರತ್ತು: ಮಣೆಯ ಪಕ್ಕ ದುಡ್ಡು ಬೀಳಬಾರದು. ಹತ್ತು ರೂಪಾಯಿ ಬಾಜಿ ಕಟ್ಟಿದ ದಿನವೇ ಅದು ಚದುರಂಗ ಆಗಿ ಉಳಿಯುವುದಿಲ್ಲ, ಇಸ್ಪೀಟಿನ ತಮ್ಮನಾಗುತ್ತದೆ.

ಹೆಣ್ಣುಮಕ್ಕಳು ಎಲ್ಲಿ ಆಡಬೇಕು?

ಚಹಾ ಅಂಗಡಿಯ ಮಾತು ಗಂಡಸರಿಗಾಯಿತು. ನಮ್ಮೂರಿನ ಹೆಣ್ಣುಮಗಳು ಅಂಗಡಿ ಬೆಂಚಿನ ಮೇಲೆ ಕೂತು ಆಡುವ ಕಾಲ ಇನ್ನೂ ಬಂದಿಲ್ಲ. ಬರಬೇಕು, ಆದರೆ ಅಲ್ಲಿಯವರೆಗೆ ಅವಳು ಕಾಯಬೇಕೇ? ದಿವ್ಯಾ ದೇಶಮುಖ್ ವಿಶ್ವಕಪ್ ಗೆದ್ದಾಗ ಅವಳ ವಯಸ್ಸು ಹತ್ತೊಂಬತ್ತು. ಫೈನಲಿನಲ್ಲಿ ಅವಳ ಎದುರಿಗೆ ಕೂತಿದ್ದವರು ಆಂಧ್ರದ ಕೋನೇರು ಹಂಪಿ. ಆಂಧ್ರದ ಗಡಿ ನಮ್ಮ ಮೊಳಕಾಲ್ಮುರಿಗೆ ಕೂಗಳತೆಯ ದೂರ.

ಇದಕ್ಕೆ ಜಾಗ ಶಾಲೆ ಮತ್ತು ಗ್ರಂಥಾಲಯ. ಗ್ರಾಮ ಪಂಚಾಯಿತಿಗಳ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ. ರಾಜ್ಯದ ಹಲವು ಅರಿವು ಕೇಂದ್ರಗಳಲ್ಲಿ ಮಕ್ಕಳಿಗಾಗಿ ಚೆಸ್ ಮಣೆ ಇಟ್ಟಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ಒಮ್ಮೆ ಹೋಗಿ ನೋಡಿ. ಇದ್ದರೆ ಅದು ಬೀರುವಿನ ಒಳಗಿದೆಯೋ, ಮೇಜಿನ ಮೇಲಿದೆಯೋ ನೋಡಿ. ಬೀಗದೊಳಗಿನ ಮಣೆಗಿಂತ ಕ್ಯಾಲೆಂಡರಿನ ಹಿಂದೆ ಗೀಚಿದ ಮಣೆ ಎಷ್ಟೋ ಮೇಲು. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಕೇಳಲು ನಾಚಿಕೆ ಬೇಡ, ಚರಂಡಿ ಕೇಳಿದಷ್ಟೇ ನ್ಯಾಯವಾದ ಬೇಡಿಕೆ ಇದು.

ಶಾಲಾ ಇಲಾಖೆಯ ಕ್ರೀಡಾಕೂಟಗಳಲ್ಲಿ ಚೆಸ್ ಕೂಡ ಇದೆ. ಆದರೆ ಎಷ್ಟೋ ಶಾಲೆಗಳಲ್ಲಿ ಕಬಡ್ಡಿ, ಖೋಖೋ ತಂಡ ಕಟ್ಟಿದ ಮೇಲೆ ಉಳಿದ ಇಬ್ಬರ ಹೆಸರು ಚೆಸ್‌ಗೆ ಬರೆದು ಕಳಿಸುವುದು ವಾಡಿಕೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಣೆ ಹಾಕಿದರೆ ಆರು ತಿಂಗಳಿಗೆ ಚಿತ್ರ ಬದಲಾಗುತ್ತದೆ. ಮೇಷ್ಟ್ರಿಗೆ ಆಟ ಗೊತ್ತಿರಲೇಬೇಕೆಂದಿಲ್ಲ, ಗದ್ದಲ ಆಗದಂತೆ ನೋಡಿಕೊಂಡರೆ ಸಾಕು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ವಿಜ್ಞಾನ ನಗರಿ ಬಂದಿತು, ನಮಗೇನು ಬಂತು ಅಂತ ಕೇಳುವವರಿದ್ದಾರೆ. ಹಗಲು ಭೌತಶಾಸ್ತ್ರ ಕಲಿತ ಮೇಷ್ಟ್ರುಗಳು ಸಂಜೆ ಅಲ್ಲೇ ಒಂದು ಗಂಟೆ ಚದುರಂಗ ಕಲಿತು ಹಳ್ಳಿಗೆ ಹಿಂದಿರುಗುವಂತಾದರೆ ಅದೂ ಒಂದು ಬಂದಂತೆಯೇ.

ಪಂದ್ಯಕ್ಕೆ ಹೋಗುವ ಖರ್ಚಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ಅನುಕೂಲವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ತಾಯಿ ಮಗಳು ದುರ್ಗಕ್ಕೋ ದಾವಣಗೆರೆಗೋ ಹೋಗಿ ಪಂದ್ಯ ಆಡಿ ಬರಲು ಬಸ್ ಚಾರ್ಜು ಸೊನ್ನೆ. ಬುತ್ತಿ ಕಟ್ಟಿಕೊಂಡರೆ ಉಳಿಯುವುದು ಪ್ರವೇಶ ಶುಲ್ಕವೊಂದೇ. ಆರಂಭದಲ್ಲಿ ಫಿಡೆ ರೇಟಿಂಗ್ ಕೂಟಗಳಿಗೆ ಆತುರ ಬೇಡ. ಅಲ್ಲಿ ಶುಲ್ಕ ಜಾಸ್ತಿ, ನೋಂದಣಿ ಬೇರೆ, ದಿನಗಳೂ ಹೆಚ್ಚು. ಒಂದು ದಿನದ ಸಣ್ಣ ಕೂಟಗಳಲ್ಲಿ ಹತ್ತು ಸಲ ಕೂತು ಎದ್ದ ಮೇಲೆ ಅದರ ಯೋಚನೆ ಮಾಡಿದರಾಯಿತು.

ಯಾರು ಏನು ಮಾಡಬಹುದು?

ನಮ್ಮ ಲೆಕ್ಕ ಸರಳ. ಹತ್ತು ಸೆಟ್ಟಿಗೆ ನಾಲ್ಕೈದು ಸಾವಿರ ರೂಪಾಯಿ. ಒಬ್ಬ ಪುಢಾರಿಯ ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸುಗಳ ಬಾಬತ್ತು ಇದಕ್ಕಿಂತ ಹೆಚ್ಚು, ಮತ್ತು ಅದು ಮೂರನೇ ದಿನಕ್ಕೆ ಹರಿದು ಮೇಕೆ ಕಟ್ಟುವ ಗೂಡಿಗೆ ಹೊದಿಕೆಯಾಗುತ್ತದೆ. ಚಳ್ಳಕೆರೆ ನಗರಸಭೆ, ಮೊಳಕಾಲ್ಮುರು ಪಟ್ಟಣ ಪಂಚಾಯಿತಿ ಒಂದೊಂದು ಕೊಠಡಿ, ಎರಡು ಟ್ಯೂಬ್‌ಲೈಟು, ಸಂಜೆ ಆರರಿಂದ ಎಂಟು, ಇಷ್ಟು ಕೊಟ್ಟರೆ ಸಾಕು. ಮಂಡಿ ವರ್ತಕರು, ಮಿಲ್ಲಿನವರು, ರೇಷ್ಮೆ ಸೀರೆ ವ್ಯಾಪಾರಿಗಳು ಸೇರಿ ವರ್ಷಕ್ಕೊಂದು ಪಂದ್ಯ ನಡೆಸಲಿ. ಜುಲೈ 20 ಅಂತಾರಾಷ್ಟ್ರೀಯ ಚೆಸ್ ದಿನ. 1924ರಲ್ಲಿ ಅದೇ ದಿನ ಪ್ಯಾರಿಸ್ಸಿನಲ್ಲಿ ಫಿಡೆ ಹುಟ್ಟಿತು. ಒಂದು ವರ್ಷ ಚಳ್ಳಕೆರೆ, ಒಂದು ವರ್ಷ ಮೊಳಕಾಲ್ಮುರು. ಎರಡೂರಿನ ನಡುವೆ ಸೋಲು ಗೆಲುವಿನ ಒಂದು ಹಠ ಹುಟ್ಟಿದರೆ ಸಾಕು, ಉಳಿದದ್ದು ತಾನೇ ಬೆಳೆಯುತ್ತದೆ.

ಇದರಿಂದ ನಮ್ಮ ಸೀಮೆಗೆ ನಾಳೆಯೇ ಗ್ರ್ಯಾಂಡ್‌ಮಾಸ್ಟರ್ ಬರುತ್ತಾನೆಂದು ಯಾರೂ ಹೇಳುತ್ತಿಲ್ಲ. ಬಂದರೆ ಬರಲಿ, ಬೇಡ ಅಂದವರಾರು? ಆದರೆ ಸಂಜೆ ಹೊತ್ತು ಅಂಗಡಿ ಮುಂದೆ ಸಾಲಕ್ಕೆ ಸಿಕ್ಕಿದ ಹುಡುಗನೊಬ್ಬ ಹಲ್ಲು ಕಚ್ಚಿ ಮುಂದಿನ ನಡೆ ಯೋಚಿಸುತ್ತ ಕೂತಿದ್ದರೆ, ನಡೆ ಇಡುವ ಮುಂಚೆ ಎದುರಿನವನು ಏನು ಮಾಡ್ತಾನೆ ಅಂತ ಒಂದು ಸಲ ಲೆಕ್ಕ ಹಾಕುವ ಅಭ್ಯಾಸ ಅವನಿಗೆ ಬಂದರೆ, ಅದು ಆ ಮನೆಗೆ ಲಾಭವಲ್ಲವೇ?

ಕಾಸು ಬೇಡ, ಮಣೆ ಅಗ್ಗ, ಮೇಷ್ಟ್ರು ಜೇಬಿನಲ್ಲೇ ಇದ್ದಾರೆ. ಒಂದು ಬೆಂಚು, ಒಂದು ದೀಪ, ಎದುರಿಗೊಬ್ಬರು, ಇಷ್ಟೇ ಈಗ ಆಗಬೇಕಾದದ್ದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಅವರು ಹರಿಸುವವರೆಗೆ ಅಂಗಡಿಯವರು ಕಾಯುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲ ನಡೆ ಬಿಳಿ ಕಾಯಿಯವರದು, ನೀವೇ ಇಡಿ.